ಮಹನೀಯರಿಗೆ ಸೊಂಟವಿರಲಿಲ್ಲ

ಮನುಷ್ಯನನ್ನು ಮಿಕ್ಕ ಪ್ರಾಣಿಗಳಿಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸಿರುವುದು ಭಾಷೆ ಎಂದು ಬಲ್ಲವರು ಹೇಳುತ್ತಾರೆ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ. ಈಗ ಅನುಮಾನ ಬಂದಿದೆ. ಎಮ್ಮೆಗೆ ಸೊಂಟ ಹಿಡಿದರೆ ಅದು ಇದ್ದಲ್ಲೇ ಮಲಗಿಬಿಡುತ್ತದೆ. ಯಾರಿಗೂ ಏನೂ ಹೇಳುವುದಿಲ್ಲ. ಮನೆಯವರೆಲ್ಲ ಓಡಿ ಬರುತ್ತಾರೆ, ಪಶುವೈದ್ಯರು ಬರುತ್ತಾರೆ, ಶಾಖ ಕೊಡುತ್ತಾರೆ, ಅದು ತಾನಾಗಿ ಏಳುವವರೆಗೆ ಅದನ್ನು ಯಾರೂ ಮೇಯಲು ಹೊಡೆಯುವುದಿಲ್ಲ. ನನಗೆ ಸೊಂಟ ಹಿಡಿದು ಎರಡನೆಯ ಯುಗಾದಿಯೂ ಕಳೆಯಿತು. ನನಗೆ ಕನ್ನಡ ಚೆನ್ನಾಗಿ ಬರುತ್ತದೆ. ಇತ್ತೀಚೆಗೆ ಇಂಗ್ಲಿಷನ್ನೂ ಕಲಿತೆ. ಎರಡು ಭಾಷೆಗಳ ನೆರವಿದ್ದೂ ದಿನಾ ಬೆಳಿಗ್ಗೆ ನನ್ನನ್ನು ಹರಿಹರಕ್ಕೆ ಹೊಡೆಯಲಾಗುತ್ತಿದೆ. ಮೇಲಿನ ಮೆಟ್ಟಿಲು ಯಾರದು ಎಂಬುದನ್ನು ಓದುಗರೇ ತೀರ್ಮಾನಿಸಬೇಕು.

ವಿಷಯ ಇಷ್ಟೇ. ನಮ್ಮ ಮನೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ನಾನು ಕೆಲಸ ಮಾಡುವ ವಿಮಾ ಕಚೇರಿಯ ಶಾಖೆ ಹರಿಹರದಲ್ಲಿ. ನಡುವಿನ ದೂರ ಎಷ್ಟೆಂದು ಹೇಳಲು ನಾಚಿಕೆಯಾಗುತ್ತದೆ. ಬಸ್ಸಿನಲ್ಲಿ ಒಂದು ನೆಟ್ಟಗಿನ ತೂಕಡಿಕೆಗೂ ಸಾಲದಷ್ಟು ದೂರ. ನನ್ನ ದುರಂತದ ತಿರುಳೇ ಅದು. ನನ್ನನ್ನು ಬೀದರಿಗೋ ಕಾರವಾರಕ್ಕೋ ಹಾಕಿದ್ದರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು, ಮನೆಗೆ ಬಂದು ಸಮಾಧಾನ ಹೇಳುತ್ತಿದ್ದರು. ಹರಿಹರ ಎಂದರೆ, "ಇಲ್ಲೇ ಅಲ್ರೀ" ಎನ್ನುತ್ತಾರೆ. ಹೌದು, ಇಲ್ಲೇ. ಆದರೆ ಈ ಇಲ್ಲೇ ಎಂಬುದರ ಉದ್ದಕ್ಕೂ ರಸ್ತೆಯುಬ್ಬುಗಳಿವೆ. ಕಾರಿನಲ್ಲಿ ಹೋಗುವವರಿಗೆ ಅವು ಕಾಣುತ್ತವೆ, ಬಸ್ಸಿನ ಹಿಂಬಾಗಿಲ ಹತ್ತಿರ ಕಂಬಿ ಹಿಡಿದು ನಿಂತವನಿಗೆ ಅವು ಕಾಣುವುದಿಲ್ಲ, ನೇರವಾಗಿ ಬಂದು ಭೇಟಿಯಾಗುತ್ತವೆ. ಪ್ರತಿಯೊಂದು ಉಬ್ಬಿಗೂ ನನ್ನ ಬೆನ್ನೆಲುಬಿನ ಬುಡದಲ್ಲಿ ಯಾರೋ ಹಳೆಯ ಬೀಗ ತೆಗೆಯುವಂತೆ ಸದ್ದಾಗುತ್ತದೆ. ಬೀಗ ಮಾತ್ರ ತೆಗೆಯುವುದಿಲ್ಲ.

ಪಿ.ಜೆ. ಬಡಾವಣೆಯ ಎಲುಬಿನ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅದರೊಳಗೆ ಯಾರೋ ಪರಿಚಯದವರು ಕಂಡಂತೆ ತಲೆಯಾಡಿಸಿದರು. ಆಮೇಲೆ, "ನೋಡ್ರಿ, ಒಂದೋ ನೀವು ಬಸ್ ಬಿಡ್ರಿ. ಇಲ್ಲಾಂದ್ರೆ ಸ್ವಲ್ಪ ದಿನಕ್ಕೆ ನಡೆಯೋದು ಬಿಡ್ತೀರಿ. ಎರಡರಾಗೆ ಯಾವುದು ಅಂತ ಮನ್ಯಾಗೆ ಕೇಳ್ಕೊಂಡು ಬರ್ರಿ" ಎಂದರು. ಮನೆಯಲ್ಲಿ ಕೇಳುವ ಅಗತ್ಯವಿರಲಿಲ್ಲ, ಏಕೆಂದರೆ ನನ್ನ ಹೆಂಡತಿ ಗಿರಿಜಾ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಂದಾಗ ಎದುರಿನ ಸಾಲಿನಲ್ಲಿ ನಮ್ಮದೇ ಕಚೇರಿಯ ಪಿ.ಜೆ. ಬಡಾವಣೆ ಶಾಖೆಯ ಫಲಕ ಕಾಣಿಸಿತು. ಅಲ್ಲಿ ಒಬ್ಬರು ಆಗಷ್ಟೇ ನಿವೃತ್ತರಾಗಿ ಒಂದು ಕುರ್ಚಿ ಖಾಲಿ ಬಿದ್ದಿತ್ತು. ನಮ್ಮ ಮನೆಯಿಂದ ನಡೆದುಕೊಂಡೇ ಹೋಗಬಹುದಾದ ಕುರ್ಚಿ. ಮಧ್ಯಾಹ್ನ ಮನೆಗೆ ಬಂದು ಬಿಸಿ ರೊಟ್ಟಿ ಉಂಡು, ಐದು ನಿಮಿಷ ಬೆನ್ನು ಹಾಸಿ, ಮತ್ತೆ ಹೋಗಿ ಕೂರಬಹುದಾದ ಕುರ್ಚಿ. ಯೌವನದಲ್ಲಿ ಕೂಡ ನಾನು ಯಾವುದನ್ನೂ ಆ ಕುರ್ಚಿಯಷ್ಟು ಆಸೆಯಿಂದ ನೋಡಿದ ನೆನಪಿಲ್ಲ.

ಅರ್ಜಿ ಕೊಟ್ಟೆ. ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ನೌಕರಿ ಮಾಡಿದವರಿಗೆಲ್ಲ ಗೊತ್ತು, ಈ ಉತ್ತರ ಬಂದಮೇಲೆ ಎದುರಿಗೆ ನಿಂತು ಬಾಯಿಬಿಟ್ಟು ಹೇಳದೆ ಬೇರೆ ದಾರಿಯಿಲ್ಲ. ನಮ್ಮ ವಿಭಾಗೀಯ ಮ್ಯಾನೇಜರು ಕನ್ನಡದವರೇ ಆಗಿದ್ದರು. ಇನ್ನೇನು ಹೇಳಬೇಕು ಎನ್ನುವಷ್ಟರಲ್ಲಿ ಅವರಿಗೇ ವರ್ಗವಾಯಿತು. ಅವರ ಜಾಗಕ್ಕೆ ದೂರದ ರಾಜ್ಯದಿಂದ ಒಬ್ಬ ಮೇಡಂ ಬಂದರು. ಒಳ್ಳೆಯವರು, ನಗುಮುಖದವರು, ಕನ್ನಡ ಬಾರದವರು. ಅವರು ಒಂದೊಂದೇ ಶಾಖೆಗೆ ಭೇಟಿ ಕೊಡುತ್ತಾರಂತೆ, ಎಲ್ಲರ ಜೊತೆ ಕೂತು ಇಂಗ್ಲಿಷಿನಲ್ಲಿ ಕಷ್ಟಸುಖ ವಿಚಾರಿಸುತ್ತಾರಂತೆ, ಕೊನೆಗೆ ಖಾಲಿ ಕುರ್ಚಿಗಳನ್ನೆಲ್ಲ ತುಂಬುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಹರಿಹರದ ಸರದಿ ದೀಪಾವಳಿ ಕಳೆದಮೇಲೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ವಿವರಿಸದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಯಾರೂ ತಾವು ಬಂದ ವಿಷಯವನ್ನು ಕೂತು ಹೇಳುವುದಿಲ್ಲ. ಯಾರೇ ಯಾವುದೇ ಕೆಲಸಕ್ಕೆ ಬರಲಿ, ಬರ್ರಿ ಕೂಡ್ರಿ ಎಂದ ಮೇಲೆ ಕೂರುತ್ತಾರೆ. ಮಳೆಯ ಮಾತು ಆಗುತ್ತದೆ, ಮೆಕ್ಕೆಜೋಳದ ದರದ ಮಾತು ಆಗುತ್ತದೆ, ಯಾರದೋ ಮನೆ ಕಟ್ಟಿದ್ದು, ಯಾರಿಗೋ ಸ್ಟೆಂಟ್ ಹಾಕಿದ್ದು ಎಲ್ಲ ಆಗುತ್ತದೆ. ಚಹಾ ಬೇಕೇ ಎಂದರೆ, ಬ್ಯಾಡ್ರಿ ಈಗಷ್ಟೇ ಆತು ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಕುಡಿಯುತ್ತಾರೆ. ಆಮೇಲೆ, ಬರ್ತೀವ್ರಿ ಎಂದು ಏಳುತ್ತಾರೆ. ಬಾಗಿಲ ಹೊರಗೆ ಹೋಗಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಹೆಬ್ಬೆರಳಿನಿಂದ ಹುಡುಕುತ್ತ, "ಅಂದಂಗೆ" ಎಂದು ತಿರುಗುತ್ತಾರೆ. ಬಂದ ವಿಷಯ ಹೊರಗೆ ಬರುವುದು ಆಗ. ನಮ್ಮ ಕಡೆಯ ಎಷ್ಟೋ ಸೈಟುಗಳ ವ್ಯವಹಾರ, ಎಷ್ಟೋ ಅಣ್ಣತಮ್ಮಂದಿರ ಪಾಲು, ಎಷ್ಟೋ ಹೆಣ್ಣುಗಂಡಿನ ಸಂಬಂಧ ತೀರ್ಮಾನವಾಗಿರುವುದು ಹೊಸಿಲ ಆಚೆ ಒಂದು ಚಪ್ಪಲಿಯ ಮೇಲೆ. ನನ್ನ ಮದುವೆಯೂ ಹಾಗೇ ಆಯಿತು. ಗಿರಿಜಾಳ ಅಪ್ಪ ಇಡೀ ಸಂಜೆ ನಮ್ಮಪ್ಪನ ಜೊತೆ ಬೋರ್‌ವೆಲ್ ಬಗ್ಗೆ ಮಾತಾಡಿ, ಹೊರಡುವಾಗ ಚಪ್ಪಲಿ ಸಿಗದೆ, "ಅಂದಂಗೆ ನಮ್ ಹುಡುಗಿಗೆ ನಿಮ್ ಹುಡುಗ ಒಪ್ಪಿಗೆ ಅಂತೆ, ನನ್ ಇನ್ನೊಂದು ಚಪ್ಪಲಿ ಎಲ್ಲೈತೆ ನೋಡ್ರಿ" ಎಂದಿದ್ದರು. ಕೂತಲ್ಲೇ ನೇರವಾಗಿ ವಿಷಯ ಎತ್ತುವವರೆಂದರೆ ನಮ್ಮಲ್ಲಿ ಇಬ್ಬರೇ, ಪೊಲೀಸರು ಮತ್ತು ವಿಮೆಯ ಏಜೆಂಟರು. ನಾನು ವಿಮಾ ಕಚೇರಿಯಲ್ಲಿದ್ದರೂ ಆ ಮಟ್ಟಕ್ಕೆ ಎಂದೂ ಇಳಿದವನಲ್ಲ.

ಆದ್ದರಿಂದ ನನ್ನ ಲೆಕ್ಕಾಚಾರ ಸ್ಪಷ್ಟವಿತ್ತು. ಸೊಂಟ ನೋಯುತ್ತದೆ, ದಾವಣಗೆರೆಗೆ ಹಾಕಿ ಎಂಬ ಅಸಲು ಮಾತಿಗೆ ಬೇಕಾದ ಇಂಗ್ಲಿಷ್ ನನ್ನಲ್ಲಿ ಮೊದಲೇ ಇತ್ತು. ಅದು ಯಾರಲ್ಲಾದರೂ ಇರುತ್ತದೆ. ಬಾಗಿಲ ಹತ್ತಿರ ಅದು ತಾನೇ ಬರುತ್ತದೆ. ನನಗೆ ಇಲ್ಲದ್ದು ಬಾಗಿಲಿನವರೆಗೆ ಹೋಗುವ ಇಂಗ್ಲಿಷ್. ಅಂದರೆ ಆ ಮಳೆ, ಮೆಕ್ಕೆಜೋಳ, ಕುಶಲೋಪರಿಯ ಇಂಗ್ಲಿಷ್. ಗಿರಿಜಾಗೆ ಇದನ್ನು ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ, "ಅಲ್ರೀ, ಸೊಂಟದ ಮ್ಯಾಲೆ ಕೈ ಇಟ್ಕೊಂಡು ಮುಖ ಕಿವುಚಿದ್ರೆ ಯಾವ ದೇಶದೋರಿಗಾದ್ರೂ ತಿಳೀತೈತೆ. ಅದಕ್ಕೆ ಇಂಗ್ಲಿಷ್ ಯಾಕ ಬೇಕು?" ಎಂದಳು. ಹೆಂಗಸರಿಗೆ ಆಡಳಿತದ ಸೂಕ್ಷ್ಮಗಳು ತಿಳಿಯುವುದಿಲ್ಲ ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಈ ವಾಕ್ಯವನ್ನು ಈಗ ಹಿಂದಕ್ಕೆ ಪಡೆದಿದ್ದೇನೆ.

ಹಳೇ ಬಸ್ ನಿಲ್ದಾಣದ ಹತ್ತಿರ ಪುಸ್ತಕ ಮಾರುವವನಿಗೆ, ಹಿರಿಯರು ಕಲಿಯುವಂಥ ಇಂಗ್ಲಿಷ್ ಪುಸ್ತಕ ಕೊಡಪ್ಪ ಎಂದೆ. ಅವನು ನನ್ನ ಕೂದಲನ್ನೂ ಅಂಗಿಯನ್ನೂ ನೋಡಿ ಒಂದು ದಪ್ಪ ಪುಸ್ತಕ ತೆಗೆದ. ಮಹನೀಯರ ಬಾಳಿನ ಮೂಲಕ ಇಂಗ್ಲಿಷ್ ಕಲಿಸುವ ಪುಸ್ತಕ. ಒಂದೊಂದು ಪಾಠದಲ್ಲೂ ಮೊದಲು ಒಬ್ಬ ಮಹನೀಯರ ಜೀವನ, ಅದನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಅದನ್ನೇ ಸ್ವಂತ ಮಾತಿನಲ್ಲಿ ಹೇಳಬೇಕು. ಕೊನೆಗೆ ದಿನಬಳಕೆಯ ಮಾತುಗಳು, ಅವನ್ನು ಮನೆಯವರ ಮೇಲೆ ಪ್ರಯೋಗಿಸಬೇಕು. ನನಗೆ ತುಂಬ ಹಿಡಿಸಿತು. ಮಾರ್ಕೆಟ್ಟಿನ ಇಂಗ್ಲಿಷ್, ಹೋಟೆಲಿನ ಇಂಗ್ಲಿಷ್ ಎಂದು ಚಿಲ್ಲರೆಯಾಗಿ ಕಲಿಯುವುದಕ್ಕಿಂತ ಕಲಿತರೆ ಮಹನೀಯರಿಂದ ಕಲಿಯಬೇಕು ಎನ್ನುವ ಕಾಲದವನು ನಾನು. ಫೋನಿನಲ್ಲೇ ಕಲಿಯಬಹುದಲ್ಲ ಎಂದು ನಮ್ಮ ಅಳಿಯ ಹೇಳಿದ. ಫೋನಿನಿಂದ ಕಲಿತ ಮಾತು ಫೋನಿಗೇ ಸರಿ ಎಂದು ಉತ್ತರ ಕೊಟ್ಟೆ. ಆಗ ಅದು ಬಹಳ ತೂಕದ ಮಾತಿನಂತೆ ಕೇಳಿಸಿತ್ತು.

ಓದಿದ್ದೆಲ್ಲ ಬಸ್ಸಿನಲ್ಲೇ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಮಹನೀಯರು. ಉಬ್ಬು ಬಂದಾಗೆಲ್ಲ ಮಹನೀಯರ ಬಾಳಿನಲ್ಲಿ ಎರಡು ಸಾಲು ಹಾರಿಹೋಗುತ್ತಿತ್ತು. ಹೀಗಾಗಿ ಕೆಲವರು ಮದುವೆಯಾಗದೆಯೇ ಮಕ್ಕಳನ್ನು ಪಡೆದರು, ಒಬ್ಬರು ನಿಧನರಾದ ನಂತರ ವಿದೇಶ ಪ್ರವಾಸ ಕೈಗೊಂಡರು. ಪುಸ್ತಕವೇ ಗಟ್ಟಿಯಾಗಿ ಓದು ಎಂದು ಹೇಳಿದ್ದರಿಂದ ನಾನು ಸ್ವಲ್ಪ ಗಟ್ಟಿಯಾಗಿಯೇ ಓದುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನನ್ನು ಬಹಳ ಹೊತ್ತು ನೋಡಿ, "ಯಪ್ಪಾ, ಪರೀಕ್ಷೆ ಐತೇನು?" ಎಂದು ಕೇಳಿದಳು. ಹೂಂ ಎಂದೆ. "ಈ ವಯಸ್ನ್ಯಾಗೆ ಫೇಲ್ ಆದ್ರೂ ಮನ್ಯಾಗೆ ಬೈಯೋರು ಯಾರೂ ಇರಂಗಿಲ್ಲ ಬಿಡು" ಎಂದು ಸಮಾಧಾನ ಹೇಳಿ, ಎದ್ದು ಸೀಟು ಬಿಟ್ಟುಕೊಟ್ಟಳು. ಆ ಪುಸ್ತಕದಿಂದ ನನ್ನ ಸೊಂಟಕ್ಕಾದ ಉಪಕಾರ ಅದೊಂದೇ.

ಮಹನೀಯರ ಬಗ್ಗೆ ಎರಡು ಮಾತು. ಅವರಲ್ಲಿ ಒಬ್ಬ ವಿಜ್ಞಾನಿ, ಒಬ್ಬ ನಾವಿಕ, ಒಬ್ಬ ದೇಶನಾಯಕ, ರೋಗಿಗಳ ಸೇವೆಗೆ ಬಾಳು ಮುಡಿಪಿಟ್ಟ ಒಬ್ಬ ತಾಯಿ, ಹೀಗೆ ಬಗೆಬಗೆಯವರಿದ್ದರು. ಆದರೆ ಎಲ್ಲರ ಬಾಳೂ ಒಂದೇ ದಾರಿಯ ಬಸ್ಸಿನಂತೆ ಅದೇ ನಿಲ್ದಾಣಗಳಲ್ಲಿ ನಿಲ್ಲುತ್ತಿತ್ತು. ಬಡ ಕುಟುಂಬದಲ್ಲಿ ಹುಟ್ಟುವುದು, ಬುಡ್ಡಿ ದೀಪದಲ್ಲಿ ಓದುವುದು, ಶಾಲೆಗೆ ಮೈಲಿಗಟ್ಟಲೆ ನಡೆಯುವುದು, ಜನ ನಗುವುದು, ಇವರು ಎದೆಗುಂದದಿರುವುದು, ಜಗತ್ತು ತಲೆಬಾಗುವುದು. ಅಷ್ಟೂ ಪಾಠಗಳಲ್ಲಿ ನಾನು ಆಸೆಯಿಂದ ಹುಡುಕಿದ ಒಂದು ಸಂಗತಿ ಎಲ್ಲೂ ಸಿಗಲಿಲ್ಲ: ಮಹನೀಯರಿಗೆ ಸೊಂಟವಿರಲಿಲ್ಲ. ಅವರಿಗೆ ಹೃದಯವಿತ್ತು, ಕಣ್ಣುಗಳಲ್ಲಿ ಹೊಳಪಿತ್ತು, ಹಣೆ ಅಗಲವಾಗಿತ್ತು, ಕೈಗಳು ದುಡಿಯುತ್ತಿದ್ದವು. ಹೊಟ್ಟೆ ಕೂಡ ಇತ್ತು, ಹಸಿಯುವುದಕ್ಕೆ. ಸೊಂಟದ ಸುದ್ದಿಯೇ ಇಲ್ಲ. ನಾವಿಕ ತಿಂಗಳುಗಟ್ಟಲೆ ಅಲೆಗಳ ಮೇಲೆ ಕುಲುಕಾಡಿದ. ಅವನಿಗಾದರೂ ಹಿಡಿದಿರಬೇಕು ಎಂದು ಕಾತರದಿಂದ ಪುಟ ತಿರುವಿದರೆ, ಅವನು ಬಿರುಗಾಳಿಯನ್ನು ಕಂಡು ಮುಗುಳ್ನಕ್ಕಿದ್ದ. ದೇಶನಾಯಕರು ಸೆರೆಮನೆಯ ಕಲ್ಲುನೆಲದ ಮೇಲೆ ಮಲಗಿ, ಬೆಳಿಗ್ಗೆ ಎದ್ದು ಗ್ರಂಥ ಬರೆದರು. ನಾನು ಹತ್ತಿಯ ಹಾಸಿಗೆಯ ಮೇಲೆ ಮಲಗಿ, ಬೆಳಿಗ್ಗೆ ಗ್ರಂಥದ ಮಾತು ಹಾಗಿರಲಿ, ಒಂದು ಮಗ್ಗುಲಿಗೆ ಹೊರಳಿ ಗೋಡೆ ಹಿಡಿದು ಏಳುವುದಕ್ಕೇ ಗಿರಿಜಾಳನ್ನು ಕೂಗಬೇಕು. ಸೇವೆಗೆ ಬಾಳು ಮುಡಿಪಿಟ್ಟ ತಾಯಿಯ ಪಾಠದಲ್ಲಿ ನೋವು ಧಾರಾಳವಾಗಿತ್ತು, ನರಳಾಟವಿತ್ತು, ಕಣ್ಣೀರಿತ್ತು, ಎಲ್ಲವೂ ಬೇರೆಯವರದು. ಆ ಪಾಠ ನನಗೆ ಬಾಯಿಪಾಠವಾಯಿತು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪುಸ್ತಕ ಮುಗಿಯುವ ಹೊತ್ತಿಗೆ ನನಗೆ ಒಂದು ಸತ್ಯ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅದೇನೆಂದರೆ, ಕಷ್ಟವನ್ನು ಗೆದ್ದೆ ಎಂದು ಹೇಳುವ ಇಂಗ್ಲಿಷ್ ನನಗೆ ಅರಳು ಹುರಿದಂತೆ ಬರುತ್ತಿತ್ತು. ಕಷ್ಟವಾಗುತ್ತಿದೆ ಎಂದು ಹೇಳುವ ಇಂಗ್ಲಿಷನ್ನು ಯಾವ ಮಹನೀಯರೂ ಕಲಿಸಿರಲಿಲ್ಲ. ಇದನ್ನು ಮೊದಲು ಕಂಡುಹಿಡಿದವಳು ಗಿರಿಜಾ, ಅದೂ ದಿನಬಳಕೆಯ ಮಾತುಗಳ ಮೂಲಕ. ಮನೆಯವರ ಮೇಲೆ ಪ್ರಯೋಗಿಸಿ ಎಂದಿತ್ತಲ್ಲ, ಅವಳನ್ನು ಕೂರಿಸಿ, ಏನಾದರೂ ಕೆಲಸ ಹೇಳು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೇನೆ ಎಂದೆ. ಅವಳು, ಅಟ್ಟದ ಮೇಲಿನ ಕೊಳಗ ಇಳಿಸಿ ಎಂದಳು. ನಾನು, ಮೈ ಪ್ಲೆಷರ್ ಎಂದೆ. ಅಂದಮೇಲೆ ಇಳಿಸಬೇಕಾಯಿತು. ಹಿಟ್ಟಿನ ಗಿರಣಿಗೆ ಹೋಗಿ ಬನ್ನಿ ಎಂದಳು. ನೋ ಪ್ರಾಬ್ಲಂ ಎಂದೆ. ಅಲ್ಲಿ ಕರೆಂಟ್ ಇಲ್ಲದೆ ಗಿರಣಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತು ಬಂದಾಗ, ತಡವಾಯಿತಲ್ಲ ಎಂದಳು. ನೆವರ್ ಮೈಂಡ್ ಎಂದೆ. ಪುಸ್ತಕದ ಅಷ್ಟೂ ಪುಟಗಳಲ್ಲಿ ಆಗುವುದಿಲ್ಲ ಎಂಬುದಕ್ಕೆ ಒಂದು ದಿನಬಳಕೆಯ ಮಾತಿರಲಿಲ್ಲ. ಕೆಲವೇ ದಿನಗಳಲ್ಲಿ ನಮ್ಮ ಮನೆಯಲ್ಲಿ ವರ್ಷಗಳಿಂದ ಬಾಕಿಯಿದ್ದ ಕೆಲಸಗಳೆಲ್ಲ ಮುಗಿದವು. "ಇಂಗ್ಲಿಷ್ ಬಾಳ ಚಲೋ ಭಾಷೆ ಐತೆ ಬಿಡ್ರಿ. ನಾನು ಕನ್ನಡದಾಗೆ ಇಷ್ಟು ವರ್ಷ ಸುಮ್ನೆ ಬಾಯಿ ನೋಯಿಸ್ಕೊಂಡೆ" ಎಂದು ಗಿರಿಜಾ ಮನಸಾರೆ ಹೊಗಳಿದಳು. ನಾನು ಹೊಗಳಿಕೆಯನ್ನು ಸ್ವೀಕರಿಸಿ ಸೊಂಟಕ್ಕೆ ಮುಲಾಮು ಹಚ್ಚಿಕೊಂಡೆ.

ಮೇಡಂ ಬರುವ ದಿನ ಬಂತು. ಇಲ್ಲಿ ನನ್ನ ಸಹೋದ್ಯೋಗಿ ಹಾಲೇಶಪ್ಪನನ್ನು ಪರಿಚಯಿಸಬೇಕು. ಅವನು ನನ್ನ ಪಕ್ಕದ ಮೇಜಿನವನು, ಹರಿಹರ ತಾಲ್ಲೂಕಿನ ಸಾರಥಿ ಎಂಬ ಹಳ್ಳಿಯವನು. ಊರಿನಲ್ಲಿ ಹೊಲವಿದೆ. ಬೆಳಿಗ್ಗೆ ಹೊಲಕ್ಕೆ ಹೋಗಿ, ಬೈಕಿನಲ್ಲಿ ಕಚೇರಿಗೆ ಬಂದು, ಸಂಜೆ ಮತ್ತೆ ಹೊಲಕ್ಕೆ ಹೋಗುವವನು. ದಿಲ್ಲಿಯನ್ನು ಕೊಟ್ಟರೂ ಹರಿಹರ ಶಾಖೆ ಬಿಡುವವನಲ್ಲ. ಅವನಿಗೆ ಇಂಗ್ಲಿಷ್ ಬಾರದು, ಬರಲಿ ಎಂದು ಆಸೆಯೂ ಇಲ್ಲ. ಹಿಂದಿನ ದಿನ ಮೋಡ ಕವಿಯಿತೆಂದು ಕಣದಲ್ಲಿದ್ದ ಮೆಕ್ಕೆಜೋಳದ ಚೀಲಗಳನ್ನು ಅವಸರದಲ್ಲಿ ಎತ್ತಿ ಒಳಗೆ ಹಾಕುವಾಗ ಅವನಿಗೆ ಸೊಂಟ ಹಿಡಿದಿತ್ತು. ಅಂದು ಬಂದವನೇ, "ಅಣ್ಣ, ಇವತ್ತು ನಿಮ್ ಜಾತಿಗೆ ಸೇರಿದೆ ನೋಡ್ರಿ" ಎಂದು ಗೋಡೆಗೆ ಒರಗಿ ನಿಂತ.

ಮೇಡಂ ನಮ್ಮನ್ನೆಲ್ಲ ಮ್ಯಾನೇಜರರ ಕೋಣೆಯಲ್ಲಿ ಕೂರಿಸಿದರು. ನಾನು ಮಳೆಯಿಂದ ಆರಂಭಿಸಿದೆ. ಅಲ್ಲಿಂದ ತುಂಗಭದ್ರೆಗೆ ಬಂದೆ. ಹೊಳೆ ಎಷ್ಟು ಅಡೆತಡೆ ಬಂದರೂ ಎದೆಗುಂದದೆ ಹರಿಯುತ್ತದೆ ಎಂದು ನಾವಿಕನ ಪಾಠದ ಸಾಲುಗಳನ್ನು ಹೊಳೆಗೆ ಹೊಂದಿಸಿ ಹೇಳಿದೆ. ಮೇಡಂ ಕಣ್ಣರಳಿಸಿ ಕೇಳಿದರು. ಇಷ್ಟು ಒಳ್ಳೆಯ ಇಂಗ್ಲಿಷ್ ಎಲ್ಲಿ ಕಲಿತಿರಿ ಎಂದರು. ನಾನು ಬಸ್ಸಿನಲ್ಲಿ ನಿಂತುಕೊಂಡು ಎಂದು ಸತ್ಯ ಹೇಳಿದೆ. ಆದರೆ ನನಗೆ ಗೊತ್ತಿದ್ದ ಸಾಲುಗಳಲ್ಲಿ ಹೇಳಿದ್ದರಿಂದ ಅದು ಬುಡ್ಡಿ ದೀಪದಲ್ಲಿ ಓದಿದವರ ಸಾಲಿಗೆ ಹೋಗಿ ಸೇರಿತು. ಆಗ ಮೇಡಂ, ನಿಮಗೆ ದಿನಾ ಓಡಾಡುವುದು ಕಷ್ಟವಾಗುವುದಿಲ್ಲವೇ ಎಂದು ಕೇಳಿದರು.

ಓದುಗರೇ, ಕೇಳಿಯೇ ಬಿಟ್ಟರು. ನಾನು ಎರಡು ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ ತಾನಾಗಿ ನಡೆದು ಬಂದು ನನ್ನ ಮುಂದೆ ಕೂತಿತು. ಆದರೆ ಇನ್ನೂ ಚಹಾ ಬಂದಿರಲಿಲ್ಲ. ನಾನು ಕೂತಿದ್ದೆ. ಕೂತಲ್ಲೇ, ಮೊದಲ ಸಲ ಕೇಳಿದ ಕೂಡಲೇ, ಹೌದು ಕಷ್ಟ ಎಂದು ಬಾಯಿಬಿಡುವುದೆಂದರೆ ಮರ್ಯಾದೆಯ ಮನೆಯವರ ಲಕ್ಷಣವಲ್ಲ. ಎರಡು ಸಲ ಇಲ್ಲ ಎನ್ನಬೇಕು. ನಾನು ನೋ ಪ್ರಾಬ್ಲಂ ಎಂದೆ. ಕಷ್ಟಗಳು ಮನುಷ್ಯನನ್ನು ಗಟ್ಟಿಗೊಳಿಸುತ್ತವೆ ಎಂದು ವಿಜ್ಞಾನಿಯ ಪಾಠದಿಂದ ಒಂದು ಸಾಲನ್ನೂ ಸೇರಿಸಿದೆ. ಎರಡನೆಯ ಸಲ ಕೇಳಲಿ ಎಂದು ಕಾದೆ. ಮೇಡಂ ದೂರದ ರಾಜ್ಯದವರು. ಅವರ ಕಡೆ ಒಂದು ಸಲ ಕೇಳಿದರೆ ಕೇಳಿದಂತೆಯೇ ಎಂದು ಕಾಣುತ್ತದೆ. ಅವರು ಮೆಚ್ಚಿ ತಲೆಯಾಡಿಸಿ, ಹಾಲೇಶಪ್ಪನ ಕಡೆ ತಿರುಗಿದರು.

ಹಾಲೇಶಪ್ಪ ಸೊಂಟದ ಮೇಲೆ ಕೈ ಇಟ್ಟುಕೊಂಡು ಮುಖ ಕಿವುಚಿದ. ಗಿರಿಜಾ ಹೇಳಿದಂತೆಯೇ, ಅಷ್ಟೇ ಅಚ್ಚುಕಟ್ಟಾಗಿ. ಇವರಿಗೆ ಏನಾಗಿದೆ ಎಂದು ಮೇಡಂ ನನ್ನನ್ನು ಕೇಳಿದರು. ನಾನು ಹೇಳಿದೆ. ಹಾಗೆ ಹೇಳಬಾರದಿತ್ತು, ಆದರೆ ಅಷ್ಟು ತಿಂಗಳು ಬಾಯಿಪಾಠ ಮಾಡಿದ್ದು ಒಂದೇ ಸಲಕ್ಕೆ ಕಟ್ಟೆಯೊಡೆದು ಬಂತು. ಬೇರೆಯವರ ನೋವೆಂದರೆ ನನ್ನ ಇಂಗ್ಲಿಷಿಗೆ ಎಲ್ಲಿಲ್ಲದ ಹುರುಪು. ಸಾರಥಿ ಎಂಬ ಪುಟ್ಟ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದ ಈತ ಎಂದು ಶುರುಮಾಡಿದೆ. ಬಾಲ್ಯದಿಂದಲೇ ಭಾರ ಹೊತ್ತ ಬೆನ್ನು, ತುಟಿ ಕಚ್ಚಿ ಸಹಿಸಿದ ನೋವು, ಯಾರಿಗೂ ಹೇಳದೆ ನುಂಗಿದ ಕಣ್ಣೀರು, ಎಲ್ಲ ಬಂದವು. ಬೆನ್ನೆಲುಬಿನ ಬುಡದಲ್ಲಿ ಹಳೆಯ ಬೀಗ ತೆಗೆದಂತಾಗುವುದನ್ನು ಕೂಡ ಹೇಗೋ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನನ್ನ ಎರಡು ವರ್ಷದ ನೋವನ್ನು ಅಷ್ಟೂ ತೆಗೆದು ಅವನ ಸೊಂಟಕ್ಕೆ ಹಾಕಿದೆ. ಮೇಡಂ ಕಣ್ಣೊರೆಸಿಕೊಂಡರು. ಹಾಲೇಶಪ್ಪನಿಗೆ ಒಂದಕ್ಷರ ತಿಳಿಯದಿದ್ದರೂ, ವಾತಾವರಣಕ್ಕೆ ತಕ್ಕಂತೆ ಇನ್ನಷ್ಟು ಮುಖ ಕಿವುಚಿದ.

ಆಮೇಲೆ ಚಹಾ ಬಂತು, ಮಂಡಕ್ಕಿ ಮೆಣಸಿನಕಾಯಿ ಬಂತು, ಮೇಡಂ ಖಾರಕ್ಕೆ ಹಾ ಹಾ ಎನ್ನುತ್ತ ಎರಡು ತಿಂದರು. ಹೊರಡಲು ಎದ್ದರು. ನಾನು ಎಲ್ಲರಿಗಿಂತ ಮುಂದಾಗಿ ಬಾಗಿಲ ಹತ್ತಿರ ಹೋಗಿ ನಿಂತೆ. ಇದೇ ಆ ಜಾಗ, ಇದೇ ಆ ಹೊತ್ತು. ನನ್ನ ಅಸಲು ವಾಕ್ಯ ನಾಲಗೆಯ ತುದಿಯಲ್ಲಿ ಚಪ್ಪಲಿ ಮೆಟ್ಟಿ ನಿಂತಿತ್ತು. ಆಗ ಒಂದು ವಿಷಯ ಹೊಳೆದು ಬೆವತೆ. ನಮ್ಮ ಪದ್ಧತಿಯಲ್ಲಿ ಹೊಸಿಲ ಮಾತು ಹೊರಡುವವರದು, ಕಳಿಸುವವರದಲ್ಲ. ಬಂದವರು ಮೇಡಂ. ಹೊರಡುತ್ತಿರುವವರು ಮೇಡಂ. ನಾನು ಹರಿಹರದಲ್ಲೇ ಉಳಿಯುವವನು. ನಾನು ಹಾಗೆ ಗೊಂದಲದಲ್ಲಿರುವಾಗಲೇ, ದಾವಣಗೆರೆಗೆ ಬಂದು ನಾಲ್ಕು ತಿಂಗಳು ನಮ್ಮ ನೀರು ಕುಡಿದ ಮೇಡಂ, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ಒಳಗೇ ಬಿಟ್ಟು, ಕಲಿತ ಕನ್ನಡದ ಒಂದೇ ಒಂದು ಮಾತನ್ನು ನಗುತ್ತ ಹೇಳಿದರು.

"ಅಂದಂಗೆ..."

ಮುಂದಿನದು ಇಂಗ್ಲಿಷಿನಲ್ಲಿತ್ತು. ಪಿ.ಜೆ. ಬಡಾವಣೆ ಶಾಖೆಯಲ್ಲಿ ಒಂದು ಕುರ್ಚಿ ಖಾಲಿಯಿದೆ, ಅಲ್ಲಿ ಓಡಾಟದ ಕೆಲಸವಿಲ್ಲ, ಹತ್ತಿರದಲ್ಲೇ ಎಲುಬಿನ ಡಾಕ್ಟರೂ ಇದ್ದಾರೆ, ಈ ಬಡಪಾಯಿಯನ್ನು ಅಲ್ಲಿಗೆ ಹಾಕುತ್ತೇನೆ ಎಂದು ಹಾಲೇಶಪ್ಪನನ್ನು ತೋರಿಸಿದರು. ಇನ್ನು ನೀವು, ಕಷ್ಟವನ್ನು ಇಷ್ಟೊಂದು ಸಂತೋಷದಿಂದ ಸಹಿಸುವವರು, ಈ ಶಾಖೆಗೆ ಮಾದರಿ. ವಾರಕ್ಕೊಂದು ಸಂಜೆ ಕೆಲಸ ಮುಗಿದಮೇಲೆ ಉಳಿದು ಇಲ್ಲಿಯವರಿಗೆಲ್ಲ ನಿಮ್ಮ ಇಂಗ್ಲಿಷ್ ಕಲಿಸುತ್ತೀರಾ ಎಂದು ಕೇಳಿದರು. ನನ್ನ ಅಸಲು ವಾಕ್ಯ ಎಲ್ಲಿ ಹೋಯಿತೋ. ಇಷ್ಟು ದಿನ ಗಿರಿಜಾ ಕೆಲಸ ಹೇಳಿ ಹೇಳಿ ಪಳಗಿಸಿದ ಬಾಯಿ ತಾನೇ ತೆರೆದುಕೊಂಡಿತು. ನಾನು ಮೈ ಪ್ಲೆಷರ್ ಎಂದೆ. ಕಾರಿನ ಬಾಗಿಲು ಮುಚ್ಚಿತು.

ಮ್ಯಾನೇಜರರು ವಿಷಯವನ್ನು ಕನ್ನಡದಲ್ಲಿ ವಿವರಿಸಿದ ಮೇಲೆ ಹಾಲೇಶಪ್ಪ ನನ್ನ ಹತ್ತಿರ ಬಂದ. ಅವನ ಮುಖ ಈಗ ನಿಜವಾಗಿಯೂ ಕಿವುಚಿತ್ತು. "ಅಣ್ಣ, ಆಯಮ್ಮಗೆ ಏನ್ ಹೇಳಿದ್ರಿ ನೀವು? ನಾ ಚೀಲ ಎತ್ತಿದ್ದೆ, ಅಷ್ಟೇ. ಎಣ್ಣೆ ಹಚ್ಚಿ ಮಲಗಿದ್ರೆ ನಾಳೆ ಹೋಗ್ತಿತ್ತು. ನನ್ ಹೊಲ ಯಾರು ನೋಡ್ತಾರೆ ಈಗ?" ಎಂದ. ಉತ್ತರಕ್ಕೆ ನನಗೆ ನೆವರ್ ಮೈಂಡ್ ಎಂಬುದೊಂದೇ ನೆನಪಿಗೆ ಬಂತು.

ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ಕಾಯುತ್ತಿದ್ದಳು.

"ಹೇಳಿದ್ರಾ?"

"ಹೇಳಿದೆ."

"ಸೊಂಟದ್ದು?"

"ಸೊಂಟದ್ದೇ. ಬಾಳ ಚೆನ್ನಾಗಿ ಹೇಳಿದೆ. ಆಯಮ್ಮ ಅತ್ತುಬಿಟ್ರು."

"ಮತ್ತೆ?"

"ಹಾಲೇಶಪ್ಪನ ಸೊಂಟದ್ದು."

ಅವಳು ಒಳಗೆ ಹೋಗಿ ಎಣ್ಣೆ ಬಿಸಿಮಾಡಲು ಇಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಬೈಯಲೂ ಬೇಸತ್ತದ್ದು ಅದೇ ಮೊದಲು. ಸೊಂಟಕ್ಕೆ ಎಣ್ಣೆ ತಿಕ್ಕುವಾಗ ಮಾತ್ರ, ಆ ಪುಸ್ತಕದ ಮಹಾತ್ಮರ ಹೆಂಡತಿಯರ ಜೀವನಚರಿತ್ರೆ ಯಾರಾದರೂ ಬರೆದಿದ್ದಾರೇನು ಎಂದು ಕೇಳಿದಳು. ಇಲ್ಲ ಎಂದೆ. "ಬರೀತಾರೆ ಯಾಕ. ಅದ್ರಾಗೆ ಬರೀ ಸೊಂಟದ ವಿಷ್ಯನೇ ಇರ್ತಿತ್ತು" ಎಂದಳು.

ಈಗ ವಾರಕ್ಕೊಂದು ಸಂಜೆ ಹರಿಹರ ಶಾಖೆಯಲ್ಲಿ ಇಂಗ್ಲಿಷ್ ತರಗತಿ ನಡೆಯುತ್ತದೆ. ಅದೇ ಪುಸ್ತಕ. ಮೊದಲ ದಿನವೇ ಕ್ಯಾಷಿಯರು ಎದ್ದು ನಿಂತು, ಇವತ್ತು ಬೇಗ ಮನೆಗೆ ಹೋಗಬೇಕು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿದೆ. ಯಾವ ಮಹನೀಯರೂ ಬೇಗ ಮನೆಗೆ ಹೋದ ದಾಖಲೆ ಸಿಗಲಿಲ್ಲ. ಎಲ್ಲರನ್ನೂ ಕೂರಿಸಿ ನಾವಿಕನ ಪಾಠ ಮಾಡಿದೆ. ಮೇಡಂ ಬಳಿಗೆ ಹೋಗಿ ಈಗಲಾದರೂ ಹೇಳಬಾರದೇ ಎಂದು ಓದುಗರು ಕೇಳಬಹುದು. ಮೇಡಂ ಬೇರೆ ಶಾಖೆಗಳಲ್ಲೆಲ್ಲ ನನ್ನ ಹೆಸರು ಹೇಳಿ, ಹೀಗಿರಬೇಕು ಮನುಷ್ಯ ಎನ್ನುತ್ತಿದ್ದಾರಂತೆ. ಮಹನೀಯನಾದವನು ನಡುವೆ ಎದ್ದು ಹೋಗಿ ಸೊಂಟ ತೋರಿಸುವಂತಿಲ್ಲ.

ಬೆಳಿಗ್ಗೆ ನನ್ನ ಬಸ್ಸು ಹರಿಹರದ ಕಡೆ ಹೋಗುವಾಗ, ಎದುರಿನಿಂದ ದಾವಣಗೆರೆಯ ಬಸ್ಸು ಬರುತ್ತದೆ. ಸಾರಥಿಯಿಂದ ಹರಿಹರಕ್ಕೆ ಬೈಕಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿಯುವ ಹಾಲೇಶಪ್ಪ ಅದರ ಹಿಂಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿರುತ್ತಾನೆ. ನಾನು ಇದರ ಹಿಂಬಾಗಿಲಲ್ಲಿ. ಎರಡೂ ಬಸ್ಸುಗಳು ಒಂದೇ ಉಬ್ಬಿನ ಆಚೆ ಈಚೆ ನಿಧಾನವಾದಾಗ ಅವನು ನನ್ನನ್ನು ನೋಡುತ್ತಾನೆ, ನಾನು ಅವನನ್ನು ನೋಡುತ್ತೇನೆ. ಮೊದಲೆಲ್ಲ ಕೈಯೆತ್ತುತ್ತಿದ್ದ, ಈಗ ಎತ್ತುವುದಿಲ್ಲ. ಆ ಕೈ ಸೊಂಟದ ಮೇಲಿರುತ್ತದೆ. ಅವನಿಗೆ ಈಗ ನಿಜವಾಗಿಯೂ ಹಿಡಿದಿದೆ.

ಪಿ.ಜೆ. ಬಡಾವಣೆ ಶಾಖೆಯಲ್ಲಿ ಈಗ ಖಾಲಿ ಕುರ್ಚಿ ಇಲ್ಲ. ನಾನು ಹರಿಹರದಲ್ಲಿದ್ದೇನೆ.